ಮಳೆಗೆ ರಜೆ ಸಿಕ್ತದೆ, ಸೆಖೆಗೆ ಎಂತ ಸಿಕ್ತದೆ? ತಗಡಿನ ಮಾಡಿನ ಶಾಲೆ ಮತ್ತು ಮಕ್ಕಳ ಆರೋಗ್ಯ

ಸದಾಶಿವಗಡದ ಅಪ್ಪ
ಕಾರವಾರ, ಅಂಕೋಲಾ, ಕುಮಟಾ ಕಡೆಯವರು, ಘಟ್ಟದ ಮೇಲಿನವರು, ಯಾರಿಗೆ ಗೊತ್ತೋ ಅವರು ಹೇಳಿ. ನಮ್ಮೂರ ಸರ್ಕಾರಿ ಶಾಲೆಯ ಹೆಂಚು ತೆಗೆದು ತಗಡು ಹಾಕಿದ್ದಾರೆ. ಮಂಗ ಹೆಂಚು ಒಡೀತದೆ, ಮಳೆಗಾಲದಲ್ಲಿ ಸೋರ್ತದೆ ಅಂತ ಕಾರಣ. ಕಾರಣ ಸುಳ್ಳಲ್ಲ. ಆದರೆ ಮಾರ್ಚ್ ಬಂತು ಅಂದ್ರೆ ಮಧ್ಯಾಹ್ನ ಊಟ ಆದ ಮೇಲೆ ಒಳಗೆ ಕೂರ್ಲಿಕ್ಕೆ ಆಗೋದಿಲ್ಲ. ಮಗಳು ಮೂರನೇ ಕ್ಲಾಸು, ದಿನಾ ತಲೆನೋವು ಅಂತ ಬರ್ತಾಳೆ. ಅವಳೊಬ್ಬಳೇ ಅಲ್ಲ, ಸುಮಾರು ಮಕ್ಕಳದ್ದು ಇದೇ ಕಥೆ.

ಜುಲೈನಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ರಜೆ ಕೊಡ್ತಾರೆ, ಒಳ್ಳೇದು. ಸೆಖೆಗೆ ಅಂಥದ್ದು ಯಾಕಿಲ್ಲ? ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೇ ಶುರು ಮಾಡ್ತಾರೆ. ಕೊನೆಯ ಆ ಎರಡು ಜಿಲ್ಲೆಯ ಹಾಗೆ ನಾವೂ ಬೆಳಗಾವಿ ವಿಭಾಗವೇ ಅಲ್ವಾ?

ಮುಂದಿನ ವಾರ ಎಸ್‌ಡಿಎಂಸಿ, ಅಂದ್ರೆ ಶಾಲೆಯ ಉಸ್ತುವಾರಿ ಸಮಿತಿಯ ಸಭೆ ಉಂಟು. ದುಡ್ಡು ಹೆಚ್ಚಿಲ್ಲ. ಹೋಗಿ ಎಂತ ಕೇಳಬೇಕು, ಅದನ್ನು ಹೇಳಿ.

ಗುಡ್ಡೆಮನೆ
ಎಂಗ್ಳ ಊರಲ್ಲೂ ಹಿಂಗೇ ಇದ್ದು. ಶಿರಸಿ ತಂಪು ಹೇಳದೆಲ್ಲಾ ಹಳೇ ಕಥೆ.

ಹಳೇ ಬೆಂಚು
ನಾವೆಲ್ಲ ಎಲ್ಲಿ ಓದಿದ್ದು ಮಾರಾಯ್ರೆ, ಏಸಿ ರೂಮಲ್ಲಾ? ಚಪ್ಪಲಿ ಇಲ್ಲದೆ ಮೂರು ಮೈಲಿ ನಡೆದು ಹೋಗ್ತಿದ್ದೆವು. ಕರಾವಳಿ ಅಂದ ಮೇಲೆ ಸೆಖೆ ಇರೋದೇ. ಈಗಿನ ಮಕ್ಕಳನ್ನು ನಾಜೂಕು ಮಾಡಿಟ್ಟಿದ್ದೀರಿ, ಮೊಬೈಲ್ ಕೊಟ್ಟರೆ ತಲೆನೋವು ಹೋಗ್ತದೆ ನೋಡಿ.

ಗಂಗಾವಳಿ ದಡ
ಬಂದ್ರು ಅಣ್ಣ 😂 ಇವರಿಲ್ಲದೆ ಚರ್ಚೆ ಶುರುವೇ ಆಗೋದಿಲ್ಲ.

ಕುಮಟಾದ ಮಕ್ಕಳ ಡಾಕ್ಟ್ರು
ಹಳೇ ಬೆಂಚು ಅವರೇ, ನೀವು ಓದಿದ ಶಾಲೆಗೆ ಮಂಗಳೂರು ಹೆಂಚು ಇತ್ತು, ಎತ್ತರದ ಮಾಡು ಇತ್ತು, ಹೊರಗೆ ಮಾವಿನ ಮರ ಇತ್ತು. ಹೆಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗ್ತಿತ್ತು. ಈಗಿನ ಮಕ್ಕಳ ತಲೆ ಮೇಲೆ ಇರೋದು ಕಾದ ಕಾವಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಮಕ್ಕಳಿಗೆ ಯಾಕೆ ಹೆಚ್ಚು ತ್ರಾಸು ಅಂತ ಕೇಳ್ತಾರೆ, ಹೇಳ್ತೇನೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡವರಿಗಿಂತ ಜಾಸ್ತಿ, ಸುತ್ತಲಿನ ಬಿಸಿಯನ್ನು ಬೇಗ ಎಳ್ಕೊಳ್ತಾರೆ. ಬೆವರೋದು ಕಡಿಮೆ. ಹೊಸ ಸೆಖೆಗೆ ಮೈ ಹೊಂದಿಕೊಳ್ಳಲಿಕ್ಕೆ ದೊಡ್ಡವರಿಗಿಂತ ಹೆಚ್ಚು ದಿನ ಬೇಕು. ಆಟದ ಭರದಲ್ಲಿ ಬಾಯಾರಿದ್ದು ಗೊತ್ತೇ ಆಗೋದಿಲ್ಲ. ಗೊತ್ತಾದರೂ ಕ್ಲಾಸಲ್ಲಿ ಎದ್ದು ಹೋಗಲಿಕ್ಕೆ ಕೇಳಬೇಕು.

ನಮ್ಮ ಕರಾವಳಿಯ ತಾಪತ್ರಯ ಬೇರೆಯೇ. ಇಲ್ಲಿ ಥರ್ಮಾಮೀಟರ್ 34 ತೋರಿಸ್ತದೆ, ಎಲ್ಲರೂ "ಅಷ್ಟೇನಾ" ಅಂತಾರೆ. ಗಾಳಿಯಲ್ಲಿ ತೇವ ಶೇಕಡಾ 70 ಇದ್ದರೆ ಆ 34 ಮೈಗೆ 46ರ ಆಸುಪಾಸು ತಾಗ್ತದೆ, ಅದೂ ನೆರಳಲ್ಲಿ. ಬೆವರು ಬಂದರೆ ಸಾಲದು, ಆರಬೇಕು. ಆರಿದರೆ ಮಾತ್ರ ಮೈ ತಂಪಾಗೋದು. ನಮ್ಮಲ್ಲಿ ಅದು ಆರೋದಿಲ್ಲ, ಅಂಗಿ ಒದ್ದೆ ಆಗ್ತದೆ ಅಷ್ಟೇ.

ಹಳೇ ಬೆಂಚು
ಡಾಕ್ಟ್ರೆ, ಹಾಗಾದ್ರೆ ಬಿಸಿಗಾಳಿ ಎಚ್ಚರಿಕೆ ನಮಗೆ ಯಾಕೆ ಬರೋದಿಲ್ಲ? ಉತ್ತರದವರಿಗೆ ಮಾತ್ರ ಬರ್ತದೆ.

ಹೊನ್ನಾವರದವ, ಈಗ ಬೆಂಗಳೂರು
ಬರ್ತದೆ ಸಾರ್. 2025ರ ಫೆಬ್ರವರಿ ಕೊನೆಯಲ್ಲೇ ಉತ್ತರ ಕನ್ನಡ, ದಕ್ಷಿಣ ಕನ್ನಡಕ್ಕೆ ಬಂದಿತ್ತು, ಫೆಬ್ರವರಿಯಲ್ಲಿ! ಹವಾಮಾನ ಇಲಾಖೆ ಲೆಕ್ಕದಲ್ಲಿ ಬಯಲು ಸೀಮೆಗೆ 40 ಡಿಗ್ರಿ ದಾಟಬೇಕು, ಕರಾವಳಿಗೆ 37 ಸಾಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಇದರಲ್ಲಿ ತೊಂದರೆ ಏನಂದ್ರೆ 35 ಡಿಗ್ರಿ, ಗಾಳಿ ಇಲ್ಲ, ಮೈಯೆಲ್ಲ ಅಂಟು ಅನ್ನೋ ದಿನಗಳೇ ನಮ್ಮಲ್ಲಿ ಜಾಸ್ತಿ. ಅವು ಆ ಲೆಕ್ಕಕ್ಕೆ ಸಿಕ್ಕೋದೇ ಇಲ್ಲ. ಎಚ್ಚರಿಕೆ ಬಂದ ದಿನ ಮಾತ್ರ ಕ್ರಮ ಅಂತ ಕೂತರೆ ಇಡೀ ಬೇಸಿಗೆ ಹಾಗೇ ಕಳೀತದೆ.

ಅಕ್ಕೋರು
ಮೂಲ ಪ್ರಶ್ನೆಗೆ ಬರ್ತೇನೆ. ನಾನು ಶಾಲೆಯಲ್ಲೇ ಕೆಲಸ ಮಾಡುವವಳು, ಹೆಸರು ಊರು ಬೇಡ.

ರಜೆ ಕೇಳಬೇಡಿ, ಸಮಯ ಕೇಳಿ. ಮಳೆಗಾಲದಲ್ಲಿ ಕೊಟ್ಟ ರಜೆ ತುಂಬಿಸಲಿಕ್ಕೇ ಶನಿವಾರ ಪೂರ್ತಿ ಕ್ಲಾಸು ತಗೊಳ್ತೇವೆ. ಮಾರ್ಚ್‌ನಲ್ಲಿ ಮತ್ತೆ ರಜೆ ಅಂದ್ರೆ ಪಾಠ ಮುಗಿಯೋದಿಲ್ಲ, ಪರೀಕ್ಷೆಯೂ ಆಗಲೇ. ಏಪ್ರಿಲ್ ಎರಡನೇ ವಾರಕ್ಕೆ ಹೇಗೂ ದೊಡ್ಡ ರಜೆ ಬರ್ತದೆ. ಹಾಗಾಗಿ ನಿಜವಾದ ಪೆಟ್ಟು ಬೀಳೋದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ, ಮತ್ತೆ ಮಳೆ ತಡವಾದರೆ ಜೂನ್ ಮೊದಲಿಗೆ. ಆ ದಿನಗಳಲ್ಲಿ ಬೆಳಿಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನ ಊಟ ಹಾಕಿ ಕಳಿಸಿದರೆ ಸಾಕು.

ಅದಕ್ಕೂ ಅಡ್ಡಿ ಉಂಟು. ಬಸ್ಸು. ದೂರದ ಊರಿನ ಮಕ್ಕಳಿಗೆ 8 ಗಂಟೆಗೆ ಬರಲಿಕ್ಕೆ ಬಸ್ಸೇ ಇಲ್ಲ. ಮಧ್ಯಾಹ್ನ ಬಿಟ್ಟರೆ ಉರಿ ಬಿಸಿಲಲ್ಲಿ ನಡೀಬೇಕು. ಮೀನು ಮಾರಲಿಕ್ಕೆ, ಕೂಲಿಗೆ ಹೋದ ಅಮ್ಮ ಸಂಜೆ ಬರೋದು, ಮನೆಗೆ ಹೋದ ಮಗು ಎಂತ ಮಾಡ್ತದೆ? ಎಷ್ಟೋ ಮನೆಯೂ ತಗಡಿನದ್ದೇ. ಎಲ್ಲ ಊರಿಗೂ ಒಂದೇ ಆದೇಶ ಆಗೋದಿಲ್ಲ, ಊರೂರಿಗೆ ಬೇರೆ ಲೆಕ್ಕ ಹಾಕಬೇಕು.

ಇನ್ನೊಂದು ಯಾರೂ ಹೇಳದ್ದು. ನಮ್ಮ ಹೆಣ್ಣುಮಕ್ಕಳು ಶಾಲೆಯಲ್ಲಿ ನೀರೇ ಕುಡಿಯೋದಿಲ್ಲ. ಬಾಟಲಿ ತಂದದ್ದು ತಂದ ಹಾಗೇ ವಾಪಸ್ ಹೋಗ್ತದೆ. ಯಾಕೆ ಗೊತ್ತುಂಟಾ? ಶೌಚಾಲಯದಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕ ಇಲ್ಲ. ಕುಡಿದರೆ ಹೋಗಬೇಕಾಗ್ತದೆ ಅಂತ ಕುಡಿಯೋದೇ ಇಲ್ಲ. ಆಮೇಲೆ ಉರಿಮೂತ್ರ, ಹೊಟ್ಟೆನೋವು. ಕೇರಳದಲ್ಲಿ 2019ರಲ್ಲಿ ನೀರಿನ ಗಂಟೆ, ಅಂದ್ರೆ ಮಕ್ಕಳು ನೀರು ಕುಡಿಯಲಿಕ್ಕೆ ಅಂತಲೇ ಹೊಡೆಯೋ ಗಂಟೆ, ಶುರು ಮಾಡಿದರು, ನಮ್ಮಲ್ಲೂ ಹೇಳಿದರು. ಗಂಟೆ ಹೊಡೆದರೆ ಆಗೋದಿಲ್ಲ, ಮೊದಲು ಚಿಲಕ ಹಾಕಿಸಬೇಕು.

ಗಂಗಾವಳಿ ದಡ
ಅಕ್ಕೋರೆ ಇದು ಸಾವಿರ ಸಲ ಸತ್ಯ. ನನ್ನ ತಂಗಿ ಹೈಸ್ಕೂಲ್ ಪೂರ್ತಿ ಹಾಗೇ ಕಳೆದಳು.

ಸದಾಶಿವಗಡದ ಅಪ್ಪ
ಇದು ತಲೆಗೇ ಹೋಗಿರಲಿಲ್ಲ. ಮಗಳ ಬಾಟಲಿ ನೋಡಿದೆ, ಮುಕ್ಕಾಲು ಹಾಗೇ ಉಂಟು.

ಗೋಡೆ-ಮಾಡು
ಕಟ್ಟಡ ಕೆಲಸ ಮಾಡಿಸೋನು ನಾನು, ಭಟ್ಕಳದಿಂದ ಕಾರವಾರದವರೆಗೆ. ತಗಡು ತೆಗೀರಿ ಅಂದ್ರೆ ಯಾರೂ ಕೇಳೋದಿಲ್ಲ, ದುಡ್ಡು ಹಾಕಿ ಆಗಿದೆ. ಇದ್ದದ್ದರಲ್ಲೇ ಮಾಡಬಹುದಾದ್ದು ಹೇಳ್ತೇನೆ.

ತಗಡಿನ ಮೇಲೆ ಬಿಳಿ ಬಣ್ಣ. ಅಹಮದಾಬಾದಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ತುಂಬಾ ಜನ ಸತ್ತ ಮೇಲೆ 2013ರಲ್ಲಿ ನಗರಕ್ಕೇ ಒಂದು ಯೋಜನೆ ಮಾಡಿದರು, ಆಮೇಲೆ ಬಡವರ ಮನೆ ಮಾಡಿಗೆ ಬಿಳಿ ಬಳಿಯೋದನ್ನೂ ಅದಕ್ಕೆ ಸೇರಿಸಿದರು. ಒಳಗೆ ಎರಡು-ಮೂರು ಡಿಗ್ರಿ ಇಳೀತದೆ, ಕಡಿಮೆ ಏನಲ್ಲ. ಆದರೆ ನಮ್ಮ ಮಳೆ ಅಹಮದಾಬಾದಿನ ಮಳೆಯಲ್ಲ. ಒಂದು ಮಳೆಗಾಲ ಕಳೆದರೆ ಸುಣ್ಣ ಪೂರಾ ತೊಳ್ದು ಹೋಗಿ ಪಾಚಿ ಹಿಡಿದು ಕರ್ರಗೆ ಆಗ್ತದೆ. ಹಾಗಾಗಿ ಪ್ರತಿ ವರ್ಷ ಫೆಬ್ರವರಿಯಲ್ಲಿ ಉಜ್ಜಿ ಬಳೀಬೇಕು. ಅದನ್ನು ಸಭೆಯ ನಡಾವಳಿಯಲ್ಲೇ ಬರೆಸಿ, ಇಲ್ಲದಿದ್ರೆ ಮೊದಲ ವರ್ಷದ ಫೋಟೋಗೆ ಮುಗೀತು.

ಬಣ್ಣಕ್ಕಿಂತ ಮುಖ್ಯ ಒಳಗಿನ ತಟ್ಟಿ, ಅಂದ್ರೆ ತಗಡಿನ ಕೆಳಗೆ ಹಾಕೋ ಇನ್ನೊಂದು ಚಾವಣಿ. ತಗಡಿಗೂ ತಟ್ಟಿಗೂ ನಡುವೆ ಒಂದಡಿ ಜಾಗ ಬಿಡಿ, ಎರಡು ತುದಿಗೂ ಗಾಳಿ ಕಿಂಡಿ ಇಡಿ. ಕಿಂಡಿ ಇಲ್ಲದೆ ತಟ್ಟಿ ಹಾಕಿದರೆ ಬಿಸಿ ಮೇಲೆ ಕೂತ್ಕೊಂಡು ಸಂಜೆವರೆಗೆ ಇಳಿಯೋದಿಲ್ಲ. ಮಳೆಗಾಲಕ್ಕೂ ಉಪಕಾರ. ಬರೀ ತಗಡಿನ ಮೇಲೆ ನಮ್ಮ ಜುಲೈ ಮಳೆ ಬಿದ್ದರೆ ಮಾಸ್ತರ್ರು ಹೇಳಿದ್ದು ಮೊದಲ ಬೆಂಚಿಗೂ ಕೇಳೋದಿಲ್ಲ.

ತಟ್ಟಿಗೆ ಥರ್ಮಾಕೋಲ್ ಬೇಡ, ಬೆಂಕಿ ತಾಗಿದರೆ ಕಷ್ಟ, ಇಲಿಯೂ ಕೊರೀತದೆ.

ಗುಡ್ಡೆಮನೆ
ನಾವು ಅಡಿಕೆ ಸಸಿ ಮಡಿಗೆ ಹಾಕೋ ಹಸಿರು ನೆಟ್ ತಂದು ತಗಡಿನ ಮೇಲೆ ಅರ್ಧ ಅಡಿ ಎತ್ತರದಲ್ಲಿ ಕಟ್ಟಿದ್ದೆವು. ಒಳ್ಳೇ ತಂಪಾಯ್ತು. ಮಂಗನ ಹಿಂಡು ಬಂದು ಜೋಕಾಲಿ ಆಡಿ ಹರಿದು ಹಾಕಿದವು.

ಗೋಡೆ-ಮಾಡು
😂 ಹೆಂಚು ಬಿಡಲಿಲ್ಲ, ನೆಟ್ ಬಿಡ್ತಾವಾ.

ಒಡ್ಡಿನ ಮನೆ
ಅಘನಾಶಿನಿ ಕಡೆಯಿಂದ. ನೀವು ಮಾಡು, ಫ್ಯಾನು ಅಂತಿದ್ದೀರಿ, ನಮಗೆ ಕುಡಿಯುವ ನೀರೇ ಉಪ್ಪು. ಮಾರ್ಚ್ ದಾಟಿದರೆ ಹೊಳೆಯಲ್ಲಿ ಸಿಹಿನೀರು ಇಳೀತದೆ, ಭರತದಲ್ಲಿ ಸಮುದ್ರದ ನೀರು ಒಳಗೆ ಬರ್ತದೆ, ಬಾವಿ ಸವಳು. ಗಜನಿ, ಅಂದ್ರೆ ಹೊಳೆ ಬಾಯಿಯ ತಗ್ಗು ಗದ್ದೆ, ಅದಕ್ಕೆ ಉಪ್ಪುನೀರು ನುಗ್ಗದ ಹಾಗೆ ಹಾಕಿದ ಒಡ್ಡು ಎಲ್ಲೋ ಒಂದು ಕಡೆ ಒಡೆದರೆ ಗದ್ದೆ ಹೋಯ್ತು, ಅದರ ಹಿಂದೆ ಬಾವಿಯೂ ಹೋಯ್ತು. ಮಕ್ಕಳಿಗೆ ನೀರು ಕುಡಿ ಅಂದ್ರೆ ಮುಖ ಸಿಂಡರಿಸ್ತಾವೆ, ಕುಡಿಯೋದಿಲ್ಲ. ಹತ್ತು ರೂಪಾಯಿಗೆ ಸಿಗೋ ಬಣ್ಣದ ಜ್ಯೂಸ್ ಕುಡೀತಾವೆ.

ಟ್ಯಾಂಕರ್ ನೀರು ಬರ್ತದೆ. ಎಲ್ಲಿಂದ ತುಂಬಿಸಿದ್ದು ಅಂತ ಕೇಳಿದರೆ ಡ್ರೈವರ್‌ಗೇ ಗೊತ್ತಿಲ್ಲ.

ಕುಮಟಾದ ಮಕ್ಕಳ ಡಾಕ್ಟ್ರು
ಟ್ಯಾಂಕರ್ ನೀರನ್ನು ಒಂದು ಕುದಿ ಬರಿಸದೆ ಮಕ್ಕಳಿಗೆ ಕೊಡಬೇಡಿ. ಕುದಿಸಿದರೆ ಕ್ರಿಮಿ ಸಾಯ್ತದೆ, ಉಪ್ಪು ಹೋಗೋದಿಲ್ಲ, ಅದಕ್ಕೆ ಬೇರೆ ನೀರೇ ಬೇಕು.

ಮೇ-ಜೂನ್‌ನಲ್ಲಿ ನನ್ನ ಹತ್ರ ಬರೋ ವಾಂತಿ-ಭೇದಿ ಮಕ್ಕಳಲ್ಲಿ ಎಷ್ಟೋ ಜನರಿಗೆ ಮನೆಯವರು ಕೊಟ್ಟದ್ದು ಅಂಗಡಿಯ ಸಿಹಿ ಪಾನೀಯ, ಡಬ್ಬಿ ಮೇಲೆ ಒಆರ್‌ಎಸ್ ಅಂತ ಬರೆದದ್ದು. ನಿಜವಾದ ಒಆರ್‌ಎಸ್ ಅಂದ್ರೆ ಭೇದಿಯಲ್ಲಿ ಮೈಯಿಂದ ಹೋದ ನೀರು, ಲವಣ ತುಂಬಿಸಲಿಕ್ಕೆ ಕೊಡೋ ಉಪ್ಪು-ಸಕ್ಕರೆ ದ್ರಾವಣ. ಸಕ್ಕರೆ ಹೆಚ್ಚಾದರೆ ಭೇದಿ ಹೆಚ್ಚಾಗ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದು ಅಂತ ಹೇಳಿತು. ಔಷಧಿ ಅಂಗಡಿಯಲ್ಲಿ ಪುಡಿಯ ಪೊಟ್ಟಣ ಕೇಳಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಬರೆದಿರ್ತದೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಪೊಟ್ಟಣ ಒಂದು ಲೋಟಕ್ಕೆ, ಹಾಗೆಲ್ಲ ಅಂದಾಜು ಬೇಡ. ಕಲಸಿದ್ದನ್ನು 24 ತಾಸಿನ ಮೇಲೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಪಾಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿ ಆದ ಮಗುವಿಗೆ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತರೂ ಪೂರ್ತಿ ಮುಗಿಸಬೇಕು.

ಗುಡ್ಡೆಮನೆ
ಡಾಕ್ಟ್ರೆ, ಮುರುಗಲು ಪಾನಕ, ಅಪ್ಪೆಹುಳಿ, ಮಜ್ಜಿಗೆ ಇದೆಲ್ಲ?

ಕುಮಟಾದ ಮಕ್ಕಳ ಡಾಕ್ಟ್ರು
ಬೇಸಿಗೆಗೆ ಬಹಳ ಒಳ್ಳೇದು, ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ಎಳನೀರು ಎಲ್ಲ ಕೊಡಿ. ಅಪ್ಪೆಹುಳಿಗೆ ಖಾರ ಕಡಿಮೆ ಮಾಡಿ. ಭೇದಿ ಆದಾಗ ಮಾತ್ರ ಒಆರ್‌ಎಸ್ ಬದಲಿಗೆ ಇವಲ್ಲ, ಜೊತೆಗೆ.

ಪುಟ್ಟ ಚಾಪೆ
ಅಂಗನವಾಡಿ ಬಗ್ಗೆ ಯಾರೂ ಮಾತಾಡಲಿಲ್ಲ. ಶಾಲೆಗೆ ಏಪ್ರಿಲ್‌ನಲ್ಲಿ ರಜೆ, ನಮಗೆ ಇಲ್ಲ. ಮೂರು ವರ್ಷದ ಮಕ್ಕಳು ಬರ್ತಾವೆ, ಬೇಸಿಗೆಗೆ ಸಮಯ ಬೆಳಿಗ್ಗೆಗೆ ತಂದರೂ 11ರ ಹೊತ್ತಿಗೇ ಕೋಣೆ ಕಾದಿರ್ತದೆ. ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಗ್ಯಾಸ್ ಉರಿ ಬೇರೆ. ಫ್ಯಾನ್ ಇದ್ದರೂ ಕರೆಂಟ್ ಹೋಗ್ತದೆ.

ಮತ್ತೊಂದು, ಬಾಣಂತಿಯರಿಗೆ ಎಷ್ಟು ಹೇಳಿದರೂ ಅಜ್ಜಿಯಂದಿರು ಕೇಳೋದಿಲ್ಲ. ಸೆಖೆ ಅಂತ ಎರಡು ತಿಂಗಳ ಕೂಸಿಗೆ ನೀರು ಕೊಡ್ತಾರೆ, ಬಜೆ ನೀರು, ಸಕ್ಕರೆ ನೀರು. ಡಾಕ್ಟ್ರೆ ನೀವೇ ಹೇಳಿ ಒಂದು ಸಲ.

ಕುಮಟಾದ ಮಕ್ಕಳ ಡಾಕ್ಟ್ರು
ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಎಂಥ ಸೆಖೆಗೂ ನೀರು ಬೇಡ. ಎದೆಹಾಲಿನಲ್ಲಿ ಹತ್ತಿರ ಹತ್ತಿರ ಶೇಕಡಾ 88 ನೀರೇ. ಸೆಖೆ ಜಾಸ್ತಿ ಆದರೆ ಹಾಲು ಕೊಡೋದನ್ನು ಹೆಚ್ಚು ಸಲ ಮಾಡಿ, ನೀರು ಕುಡಿಯಬೇಕಾದ್ದು ಅಮ್ಮ. ಬಾಣಂತಿಗೆ ನೀರು ಕೊಡಬಾರದು ಅನ್ನೋ ಪದ್ಧತಿ ಇನ್ನೂ ಕೆಲವು ಮನೆಯಲ್ಲಿ ಉಂಟು, ಅದನ್ನು ಮೊದಲು ಬಿಡಿಸಿ. ಕೂಸಿಗೆ ಟೊಪ್ಪಿ, ಕಾಲುಚೀಲ, ಮೇಲೆ ದುಪ್ಪಟಿ, ಪಕ್ಕದಲ್ಲಿ ಬಿಸಿ ಕೆಂಡ, ಏಪ್ರಿಲ್‌ನಲ್ಲಿ ಇದೆಲ್ಲ ಯಾಕೆ?

ಹಳೇ ಬೆಂಚು
ಕೆಂಡ ಹಾಕಿಯೇ ನಾವು ಬೆಳೆದದ್ದು.

ಪುಟ್ಟ ಚಾಪೆ
ನಿಮ್ಮಮ್ಮನ ಹತ್ರ ಕೇಳಿ, ಎಷ್ಟು ಹೆತ್ತರು, ಎಷ್ಟು ಉಳಿದವು ಅಂತ. ಸಿಟ್ಟು ಮಾಡ್ಬೇಡಿ ಅಣ್ಣ, ನನ್ನ ಅಜ್ಜಿಯದ್ದೂ ಅದೇ ಲೆಕ್ಕ.

ತೋಟದ ಹಾದಿ
ಘಟ್ಟದ ಮೇಲೆ ನಮ್ಮ ಸಂಕಟ ಬೇರೆ. ಡೆಂಗ್ಯೂ. ಪೇಟೆ ಕಾಯಿಲೆ ಅಂತ ತಿಳ್ಕೊಂಡಿದ್ದೆವು, ಈಗ ತೋಟದ ಮನೆಗೂ ಬಂತು. 2024ರಲ್ಲಿ ಸರ್ಕಾರವೇ ರಾಜ್ಯಕ್ಕೆಲ್ಲ ಸಾಂಕ್ರಾಮಿಕ ಅಂತ ಘೋಷಿಸಿತಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ನೋಡಿ, ಪ್ರತಿಯೊಂದರಲ್ಲೂ ಒಂದು ಲೋಟ ನೀರು ನಿಲ್ತದೆ. ತೆಂಗಿನ ಚಿಪ್ಪು, ಹಳೇ ಟೈರು, ರಬ್ಬರ್ ಹಾಕಿದವರ ಹಾಲಿನ ಬಟ್ಟಲು. ಮೊದಲು ಮಳೆ ಹಿಡಿದರೆ ಬಿಡ್ತಾನೇ ಇರಲಿಲ್ಲ, ಮೊಟ್ಟೆ ಎಲ್ಲ ಕೊಚ್ಚಿ ಹೋಗ್ತಿತ್ತು. ಈಗ ನಾಲ್ಕು ದಿನ ಜೋರು ಮಳೆ, ವಾರ ಬಿಸಿಲು, ಮತ್ತೆ ಮಳೆ. ಸೊಳ್ಳೆಗೆ ಇದಕ್ಕಿಂತ ಎಂತ ಬೇಕು?

ಆ ಸೊಳ್ಳೆ ಕಚ್ಚೋದು ಹಗಲು. ಅಂದ್ರೆ ಮಕ್ಕಳು ಶಾಲೆಯಲ್ಲಿ ಇರೋ ಹೊತ್ತಿಗೆ. ರಾತ್ರಿ ಸೊಳ್ಳೆಪರದೆ ಕಟ್ಟಿ ಸಮಾಧಾನ ಮಾಡ್ಕೊಂಡರೆ ಏನೂ ಪ್ರಯೋಜನ ಇಲ್ಲ. ನಮ್ಮಲ್ಲಿ ಪ್ರತಿ ಶನಿವಾರ ಮಕ್ಕಳೇ ಶಾಲೆ ಸುತ್ತ ನೀರು ನಿಂತದ್ದನ್ನು ಕವುಚಿ ಹಾಕೋ ಪದ್ಧತಿ ಮಾಡಿದರು. ಈಗ ಮನೆಗೆ ಬಂದು ನಮ್ಮನ್ನೇ ಬೈತಾವೆ.

ಕುಮಟಾದ ಮಕ್ಕಳ ಡಾಕ್ಟ್ರು
ಒಂದು ಮಾತು ಸೇರಿಸ್ತೇನೆ. ಮಳೆಗಾಲದ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಸ್ವಂತ ಬುದ್ಧಿಯಿಂದ ಕೊಡಬೇಡಿ. ಡೆಂಗ್ಯೂ ಆಗಿದ್ದರೆ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ ಮಾಡ್ತಾವೆ. ಜ್ವರ ಬಿಟ್ಟ ಮೇಲೆ "ಗುಣ ಆಯ್ತು" ಅಂತ ಎಲ್ಲರೂ ಸುಮ್ಮನಾಗ್ತಾರೆ, ಡೆಂಗ್ಯೂದಲ್ಲಿ ಅಪಾಯದ ಹೊತ್ತು ಶುರು ಆಗೋದೇ ಆಗ. ಹೊಟ್ಟೆನೋವು, ಬಿಡದ ವಾಂತಿ, ಮಗು ಮಂಕಾಗೋದು, ಮೂತ್ರ ಕಡಿಮೆ ಆಗೋದು ಕಂಡರೆ ತಡ ಮಾಡಬೇಡಿ.

ಗುಡ್ಡೆಮನೆ
ಮಂಗನ ಕಾಯಿಲೆನೂ ಹವಾಮಾನದ್ದೇ ಅಂತಾರಲ್ಲ? ಸಿದ್ದಾಪುರದಲ್ಲಿ 2024ರಲ್ಲಿ ಎಷ್ಟು ಗಲಾಟೆ ಆಯ್ತು.

ತೋಟದ ಹಾದಿ
ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ ಕಾಯಿಲೆ ಅದು, ಕಾಡು ಕಡಿದು, ಅಂಚಲ್ಲಿ ದನ ಬಿಟ್ಟು ನಾವೇ ಹತ್ತಿರ ಮಾಡ್ಕೊಂಡದ್ದು ಹೆಚ್ಚು. ಆದರೆ ಮಕ್ಕಳ ವಿಷಯ ಅಂದ್ರೆ ಇದು ಹೇಳಲೇಬೇಕು. ಡಿಸೆಂಬರ್‌ನಿಂದ ಮೇ ತನಕ ಆ ಕಾಯಿಲೆ ಹರಡೋ ಉಣುಗಿನ (ಉಣ್ಣೆ ಹುಳದ) ಕಾಲ, ಅದೇ ಹೊತ್ತಿಗೆ ಕಾಡಿಂದ ಕೊಟ್ಟಿಗೆಗೆ ದರಕು, ಅಂದ್ರೆ ಒಣ ಎಲೆ, ತರೋದು. ದೊಡ್ಡವರ ಹಿಂದೆ ಮಕ್ಕಳೂ ಓಡ್ತಾವೆ, ದರಕಿನ ರಾಶಿ ಮೇಲೆ ಹೊರಳಾಡ್ತಾವೆ. ಹಳೇ ಲಸಿಕೆ ನಿಲ್ಲಿಸಿ ಆಯ್ತು. ಕೈಕಾಲಿಗೆ ಆರೋಗ್ಯ ಇಲಾಖೆ ಕೊಡೋ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಲ್ಲಿ. ಸತ್ತ ಮಂಗ ಕಂಡರೆ ಹತ್ರ ಹೋಗದೆ ಫೋನ್ ಮಾಡಿ.

ಗಂಗಾವಳಿ ದಡ
ಸೆಖೆ ಆಯ್ತು, ಸೊಳ್ಳೆ ಆಯ್ತು. ಈಗ ನಾನು ನೀರಿನ ಕಥೆ ಹೇಳ್ತೇನೆ. ನಮ್ಮದು ಅಂಕೋಲಾ ತಾಲೂಕು, ಹೊಳೆ ಪಕ್ಕ. 2019ರಲ್ಲಿ ಗಂಗಾವಳಿ ಮನೆ ಒಳಗೆ ಬಂತು, 2021ರಲ್ಲಿ ಮತ್ತೆ. ಆ ಕಡೆ ಕಾಳಿ ದಂಡೆಯವರಿಗೆ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಅದೇ ಹಣೆಬರಹ. ಆಮೇಲೆ 2024ರ ಜುಲೈ 16, ಶಿರೂರು ಗುಡ್ಡ ಕುಸಿದದ್ದು.

ನೆರೆ ಬಂದಾಗ ನಮ್ಮನ್ನು ಎಲ್ಲಿ ಹಾಕ್ತಾರೆ? ಶಾಲೆಯಲ್ಲಿ. ಶಾಲೆಯೇ ಕಾಳಜಿ ಕೇಂದ್ರ. ಅಂದ್ರೆ ನೀರು ಇಳಿದ ಮೇಲೂ ಕ್ಲಾಸು ಶುರು ಆಗೋದಿಲ್ಲ. ಊರಿಗೂರೇ ಒಂದು ಕಟ್ಟಡದಲ್ಲಿ, ಎರಡು ಶೌಚಾಲಯ, ಒಬ್ಬ ಮಗುವಿಗೆ ಕೆಮ್ಮು ಬಂದರೆ ಎಲ್ಲರಿಗೂ ಬಂತು. ಅಕ್ಕನ ಮಗುವಿನ ತಾಯಿ ಕಾರ್ಡ್ ನೀರಲ್ಲಿ ಹೋಯ್ತು, ಯಾವ ಲಸಿಕೆ ಹಾಕಿದೆ, ಯಾವುದು ಬಾಕಿ ಅಂತ ಆಶಾ ಅಕ್ಕನ ಪುಸ್ತಕ ನೋಡಿ ಹೇಳಬೇಕಾಯ್ತು. ಆ ಪುಸ್ತಕ ಇದ್ದದ್ದು ಪುಣ್ಯ. ಎಲ್ಲರೂ ತಾಯಿ ಕಾರ್ಡಿನ ಫೋಟೋ ತೆಗೆದು ಇಬ್ಬರಿಗೆ ಕಳಿಸಿಡಿ, ಇವತ್ತೇ.

ನೀರಿಳಿದ ಮೇಲೆ ಮಕ್ಕಳು ಕೆಸರಲ್ಲಿ ಆಡ್ತಾವೆ. ಇಲಿ ಜ್ವರ ಬರೋದು ಹಾಗೆ, ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗ್ತದೆ. ಬೂಟು ಇಲ್ಲದಿದ್ದರೆ ಕೆಸರಿಗೆ ಬಿಡಬೇಡಿ.

ಮತ್ತೆ ಇನ್ನೊಂದು. ನಮ್ಮ ಓಣಿಯ ಒಬ್ಬ ಹುಡುಗ ಶಿರೂರು ಆದ ಮೇಲೆ ರಾತ್ರಿ ಮಳೆ ಜೋರಾದರೆ ಎದ್ದು ಚಪ್ಪಲಿ ಹಾಕ್ಕೊಂಡು ಕೂರ್ತಾನೆ. ಇದಕ್ಕೆ ಯಾವ ಇಲಾಖೆ?

ಅಕ್ಕೋರು
ಅದಕ್ಕೆ ಯಾವ ಇಲಾಖೆಯೂ ಇಲ್ಲ. ನಮ್ಮಲ್ಲೂ ಅಂಥ ಮಕ್ಕಳು ಇದ್ದಾರೆ. ಬೈಯಬೇಡಿ, ಧೈರ್ಯಗೇಡಿ ಅನ್ನಬೇಡಿ. "ನೀರು ಬಂದರೆ ಎಲ್ಲಿ ಹೋಗೋದು, ಯಾರ ಜೊತೆ ಹೋಗೋದು" ಅಂತ ಮೊದಲೇ ಹೇಳಿಟ್ಟರೆ, ಒಂದು ಸಲ ನಡೆಸಿ ತೋರಿಸಿದರೆ ಎಷ್ಟೋ ಕಡಿಮೆ ಆಗ್ತದೆ. ಚೀಲದಲ್ಲಿ ಟಾರ್ಚು, ಸೀಟಿ, ಒಂದು ಜೊತೆ ಬಟ್ಟೆ ಅವರ ಕೈಯಲ್ಲೇ ತುಂಬಿಸಿ. ತಿಂಗಳು ಕಳೆದರೂ ನಿದ್ದೆ ಇಲ್ಲ, ಊಟ ಬಿಟ್ಟಿದೆ ಅಂದ್ರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರ್ಕೊಂಡು ಹೋಗಿ, ನಾಚಿಕೆ ಬೇಡ.

ಹೊನ್ನಾವರದವ, ಈಗ ಬೆಂಗಳೂರು
ಯುನಿಸೆಫ್ 2021ರಲ್ಲಿ ಮಕ್ಕಳ ಹವಾಮಾನ ಅಪಾಯದ ಪಟ್ಟಿ ತೆಗೆದಿತ್ತು. ಅತಿ ಹೆಚ್ಚು ಅಪಾಯದ 33 ದೇಶಗಳಲ್ಲಿ ಭಾರತವೂ ಇದೆ, ಆ ದೇಶಗಳ ಮಕ್ಕಳು ಸುಮಾರು 100 ಕೋಟಿ. ಕಾರಣ ಮಾಡಿದವರು ಯಾರೋ, ಅನುಭವಿಸುವವರು ಯಾರೋ.

ಹಳೇ ಬೆಂಚು
ಪಟ್ಟಿ ಬಿಡಿ. ಮಗುವಿಗೆ ಜೋರಾದರೆ ಎಲ್ಲಿಗೆ ಹೋಗ್ತೀರಿ ಹೇಳಿ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ 2022ರಲ್ಲಿ ಜಿಲ್ಲೆಯೇ ಎದ್ದು ನಿಂತಿತ್ತು. ಮೊದಲು ಅದು ಆಗಲಿ, ಆಮೇಲೆ ತಗಡಿಗೆ ಬಣ್ಣ.

ಗುಡ್ಡೆಮನೆ
ಈ ಒಂದು ಮಾತಿಗೆ ಅಣ್ಣನಿಗೆ ನನ್ನ ಓಟು.

ಗಂಗಾವಳಿ ದಡ
ನನ್ನದೂ. ಶಿರೂರಿನ ಹೊತ್ತಿಗೆ ಹೆದ್ದಾರಿ ಬಂದ್ ಆಗಿ ದಕ್ಷಿಣಕ್ಕೆ ಹೋಗೋ ನೇರ ದಾರಿಯೇ ಇರಲಿಲ್ಲ, ಆಗ ಗರ್ಭಿಣಿಯರು, ಕೂಸುಗಳು ಎಂತ ಮಾಡಬೇಕು?

ಕುಮಟಾದ ಮಕ್ಕಳ ಡಾಕ್ಟ್ರು
ಆಸ್ಪತ್ರೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಮೊದಲು ಅದು" ಅಂತ ಕೂತರೆ ಆಗೋದಿಲ್ಲ. ಬಿಸಿಲಿನ ಪೆಟ್ಟು ತಗುಲಿದ ಮಗುವಿಗೆ ಆಸ್ಪತ್ರೆ ಮುಟ್ಟುವ ಮೊದಲಿನ ಅರ್ಧ ತಾಸೇ ಮುಖ್ಯ. ಮೈ ಕೆಂಡದ ಹಾಗೆ ಸುಡ್ತಾ ಇದೆ, ಮಾತು ತೊದಲ್ತಾ ಇದೆ, ಕರೆದರೆ ಓಗೊಡೋದಿಲ್ಲ ಅಂದ್ರೆ ಕಾಯಬೇಡಿ. ನೆರಳಿಗೆ ತನ್ನಿ, ಅಂಗಿ ಬಿಚ್ಚಿ, ಕೊಡಪಾನ ನೀರು ಮೈಮೇಲೆ ಸುರಿಯಿರಿ, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ, ದಾರಿಯಲ್ಲೂ ತಂಪು ಮಾಡ್ತಾನೇ ಇರಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಈ ಬಿಸಿಗೆ ಕೆಲಸ ಮಾಡೋದಿಲ್ಲ. ಇದನ್ನು ಮಾಸ್ತರ್ರು, ಅಕ್ಕೋರು, ಬಿಸಿಯೂಟದ ಅಕ್ಕಂದಿರು, ವ್ಯಾನ್ ಡ್ರೈವರ್ ಎಲ್ಲರೂ ಕಲೀಬೇಕು. ಹಾಂ, ವ್ಯಾನ್ ಅಂದ್ರೆ ನೆನಪಾಯ್ತು. "ಎರಡೇ ನಿಮಿಷ" ಅಂತ ಮಕ್ಕಳನ್ನು ಗಾಜು ಏರಿಸಿದ ವ್ಯಾನಲ್ಲಿ ಬಿಟ್ಟು ಅಂಗಡಿಗೆ ಹೋಗೋದು ನಿಲ್ಲಬೇಕು.

ಸದಾಶಿವಗಡದ ಅಪ್ಪ
ಸಭೆಗೆ ಇಷ್ಟು ಬರ್ಕೊಂಡೆ: ಶೌಚಾಲಯಕ್ಕೆ ನೀರು, ಚಿಲಕ. ಅದಾದ ಮೇಲೆ ತಟ್ಟಿ, ಕಿಂಡಿ. ಬಣ್ಣ ಮುಂದಿನ ಫೆಬ್ರವರಿಗೆ. ಮಧ್ಯಾಹ್ನ 12ರಿಂದ 3ರವರೆಗೆ ಮೈದಾನದ ಆಟ ಬೇಡ. ಡೆಸ್ಕ್ ಪಕ್ಕ ಬಾಟಲಿ ಇಟ್ಕೊಂಡು ಕೇಳದೆ ಕುಡಿಯಲಿಕ್ಕೆ ಬಿಡೋದು. ದುಡ್ಡು ಎಲ್ಲಿಂದ?

ಒಡ್ಡಿನ ಮನೆ
ಪಂಚಾಯ್ತಿಗೆ ಹೋಗಿ. ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60 ನೀರು, ನೈರ್ಮಲ್ಯಕ್ಕೇ ಮೀಸಲು ಅಂತ 15ನೇ ಆಯೋಗದಲ್ಲಿ ಇತ್ತು. ಚಿಲಕ, ನಲ್ಲಿ, ಟ್ಯಾಂಕಿ ಅದರಲ್ಲಿ ಹಾಕಿಸಿ. ಮಕ್ಕಳ ಗ್ರಾಮಸಭೆ ಅಂತ ವರ್ಷಕ್ಕೊಮ್ಮೆ ಮಾಡ್ತಾರೆ, ಅಲ್ಲಿ ಮಕ್ಕಳೇ ಕೇಳಿದರೆ ಪಿಡಿಒ ಬರ್ಕೊಳ್ಳಲೇಬೇಕು. ನಮ್ಮಲ್ಲಿ ಒಂದು ಹುಡುಗಿ ಎದ್ದು ನಿಂತು ಶೌಚಾಲಯದ ಬಾಗಿಲು ಕೇಳಿದಳು, ಅಧ್ಯಕ್ಷರು ತಲೆ ಎತ್ತಲಿಲ್ಲ. ಬಾಗಿಲು ಬಂತು.

ಗೋಡೆ-ಮಾಡು
ತಟ್ಟಿಗೆ ಹಳೇ ವಿದ್ಯಾರ್ಥಿಗಳನ್ನು ಹಿಡಿಯಿರಿ. ಗೋವಾದಲ್ಲಿ, ಗಲ್ಫಲ್ಲಿ ಇರೋರು ದೇವಸ್ಥಾನಕ್ಕೆ ಕೊಡ್ತಾರೆ, ಶಾಲೆಗೂ ಕೊಡ್ತಾರೆ. ಹೆಸರು ಬರೆಸಿದರೆ ಬೇಗ ಕೊಡ್ತಾರೆ.

ತೋಟದ ಹಾದಿ
ಮರ ಮರೆಯಬೇಡಿ. ಹೆದ್ದಾರಿ ಅಗಲ ಮಾಡುವಾಗ ಎಷ್ಟು ನೆರಳು ಹೋಯ್ತು ಅಂತ ಕಾರವಾರದಿಂದ ಭಟ್ಕಳಕ್ಕೆ ಬೈಕಲ್ಲಿ ಹೋದವರಿಗೆ ಗೊತ್ತು. ಶಾಲೆಯ ಪಶ್ಚಿಮ ಗೋಡೆಗೆ ಹೊಂಗೆ ನೆಡಿ. ಮಾಡಿಗೆ ತಾಗುವಷ್ಟು ಹತ್ರ ಬೇಡ, ಗಾಳಿ ಮಳೆಗೆ ಟೊಂಗೆ ಬಿದ್ದರೆ ಮತ್ತೆ ಬೇರೆ ಸುದ್ದಿ ಆಗ್ತದೆ. ಮೂರು ಬೇಸಿಗೆ ನೀರು ಹಾಕೋ ಜನ ಇದ್ದರೆ ಮಾತ್ರ ನೆಡಿ, ಜೂನ್ 5ರ ಫೋಟೋಗೆ ಬೇಡ.

ಹಳೇ ಬೆಂಚು
ಮರಕ್ಕೆ ನಾನು ಬರ್ತೇನೆ, ಗುಂಡಿ ತೆಗೀಲಿಕ್ಕೆ. ಬೆಳಿಗ್ಗೆ ಮಾತ್ರ, ಮಧ್ಯಾಹ್ನ ಆಗೋದಿಲ್ಲ ಈಗ.

ಗಂಗಾವಳಿ ದಡ
ಯಾಕಣ್ಣ, ಸೆಖೆಯಾ? 😂

ಹಳೇ ಬೆಂಚು
ಬಿಪಿ ಮಾರಾಯ.

ನಿರ್ವಾಹಕ
ಮಂಗನ ಕಾಯಿಲೆ ಮತ್ತು ಆಸ್ಪತ್ರೆ ಹೋರಾಟಕ್ಕೆ ಬೇರೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಪಕ್ಷ, ಶಾಸಕರ ಹೆಸರು ಎತ್ತಿದ ಕೆಲವು ಪ್ರತಿಕ್ರಿಯೆ ತೆಗೆದಿದ್ದೇನೆ. ಡಾಕ್ಟ್ರು ಹೇಳಿದ ಒಆರ್‌ಎಸ್ ಅಳತೆಯನ್ನು ಮೇಲೆ ಅಂಟಿಸ್ತೇನೆ.

ಪುಟ್ಟ ಚಾಪೆ
ಗೋಡೆ-ಮಾಡು ಅವರೇ, ಅಂಗನವಾಡಿಯ ಒಂದು ಕೋಣೆಗೆ ತಟ್ಟಿ ಹಾಕಿಸಲಿಕ್ಕೆ ಅಂದಾಜು ಎಷ್ಟಾಗ್ತದೆ? ಹತ್ತಡಿ ಹದಿನೈದಡಿ ಇರಬಹುದು. ಬಿಲ್ಲು ಬೇಕು.

ಗೋಡೆ-ಮಾಡು
ಅಳತೆ, ಒಳಗಿನ ಎರಡು ಫೋಟೋ ಕಳಿಸಿ. ಅಡುಗೆ ಮೂಲೆ ಎಲ್ಲಿ ಅಂತಲೂ ಹೇಳಿ, ಅದರ ಮೇಲೆ ಬೇರೆ ಥರದ್ದು ಹಾಕಬೇಕು. ಭಾನುವಾರ ಆ ಕಡೆ ಬರೋದುಂಟು, ನೋಡಿಯೇ ಹೇಳ್ತೇನೆ.